2018ರ ಅಸೆಂಬಲ್ಡ್ ಪಿಸಿ: ಪರದೆ ಕಪ್ಪಾದ ಆ ಬೆಳಿಗ್ಗೆ

ವಿಜಯಪುರದಲ್ಲಿ ನನ್ನದೊಂದು ಡಿಟಿಪಿ ಅಂಗಡಿ. 2018ರಲ್ಲಿ ಬಿಡಿಭಾಗ ಆರಿಸಿ ಕೂಡಿಸಿದ ಡೆಸ್ಕ್‌ಟಾಪ್ ಇಂದಿಗೂ ಅದೇ ಮೇಜಿನ ಮೇಲಿದೆ. ಇಂಟೆಲ್ ಐ3 8100 ಪ್ರೊಸೆಸರ್, 4 ಜಿಬಿಯ ಎರಡು ಮೆಮೊರಿ ಪಟ್ಟಿ, ಅಂದರೆ ರ‍್ಯಾಮ್. ಲಗ್ನಪತ್ರಿಕೆ, ಬಾಂಡ್ ಟೈಪಿಂಗ್, ಆನ್‌ಲೈನ್ ಅರ್ಜಿ, ಎಲ್ಲ ಇದರಲ್ಲೇ. ದಿನಕ್ಕೆ ಹತ್ತು ತಾಸು ದುಡಿಯುತ್ತದೆ. ಮೂರನೇ ವರ್ಷ ಫೈಲುಗಳನ್ನು ಬೇಗ ತೆರೆಯುವ ಎಸ್‌ಎಸ್‌ಡಿ ಹಾಕಿಸಿದ ಮೇಲಂತೂ ಹೊಸದರಂತೆ ಓಡುತ್ತಿದೆ. ನಾನು ಐದಕ್ಕೆ ನಾಲ್ಕು ಅಂಕ ಕೊಡುತ್ತೇನೆ.

ಒಂದು ಅಂಕ ಯಾಕೆ ಕಡಿಮೆ ಅಂದರೆ, ಹೋದ ಬೇಸಿಗೆಯ ಒಂದು ಬೆಳಿಗ್ಗೆ. ಲಗ್ನದ ಸೀಜನ್. ಸ್ವಿಚ್ ಒತ್ತಿದರೆ ಫ್ಯಾನ್ ತಿರುಗುತ್ತಿದೆ, ಕ್ಯಾಬಿನೆಟ್ ಲೈಟ್ ಉರಿಯುತ್ತಿದೆ, ಪರದೆ ಮಾತ್ರ ಕರ್ರಗೆ. ‘ನೋ ಸಿಗ್ನಲ್’ ಅಂತ ಒಂದು ಸಲ ಬಂದು ಅದೂ ಹೋಯಿತು. ತಿಕೋಟಾದಿಂದ ಬಂದ ಕಾಕಾ ಒಬ್ಬರು ಮಗಳ ಪತ್ರಿಕೆಯ ಪ್ರೂಫ್ ನೋಡಲು ಎದುರಿಗೇ ಕೂತಿದ್ದರು. “ಹೆಂಗಾರ ಮಾಡಿ ಕೊಡಪಾ ತಮ್ಮಾ, ನಾಳೆ ಹಂಚಾಕ ಹೋಗೂದೈತಿ” ಅಂದರು. ನನಗೆ ಕೈಕಾಲೇ ಆಡಲಿಲ್ಲ. ರಿಪೇರಿಯವರಿಗೆ ಫೋನ್ ಮಾಡಿದೆ. “ಮದರ್‌ಬೋರ್ಡ್ ಹೋಗಿರ್ತದ್ರಿ, ಹೊಸದು ಹಾಕಬೇಕು” ಅಂದರು. ಬಿಚ್ಚಿ ನೋಡದೇ ಹಂಗೆ ಹೇಳುವುದು ಸರಿಯಲ್ಲ ಅಲ್ವಾ?

ಮೊದಲು ಕ್ಯಾಪ್ಸ್ ಲಾಕ್ ಒತ್ತಿ ನೋಡಿದೆ. ಹಿಂದೊಮ್ಮೆ ಹಿಂಗೇ ಆದಾಗ ಕೀಬೋರ್ಡಿನ ಆ ಸಣ್ಣ ಲೈಟ್ ಹತ್ತಿ ಆರುತ್ತಿತ್ತು. ಅಂದರೆ ಒಳಗೆ ಕಂಪ್ಯೂಟರ್ ನಡೆದೇ ಇತ್ತು. ಅವತ್ತು ಪರದೆಗೆ ಚಿತ್ರ ಒಯ್ಯುವ ಎಚ್‌ಡಿಎಂಐ ಕೇಬಲ್ ಸಡಿಲಾಗಿತ್ತಷ್ಟೇ. ಲೈಟ್ ಹತ್ತುತ್ತಿದ್ದು, ಕೇಬಲ್ಲೂ ಸರಿಯಿದ್ದರೆ ವಿಂಡೋಸ್, ಕಂಟ್ರೋಲ್, ಶಿಫ್ಟ್, ಬಿ ನಾಲ್ಕೂ ಕೂಡಿಸಿ ಒತ್ತಿ. ಗ್ರಾಫಿಕ್ಸ್ ಡ್ರೈವರ್ ಮತ್ತೆ ಶುರುವಾಗುತ್ತದೆ. ಈ ಸಲ ಲೈಟ್ ಅಲುಗಲೇ ಇಲ್ಲ.

ಪ್ಲಗ್ ಕಿತ್ತೆ. ಉಳಿದ ಕರೆಂಟ್ ಹೋಗಲಿ ಅಂತ ಪವರ್ ಬಟನ್ ಅರ್ಧ ನಿಮಿಷ ಒತ್ತಿ ಹಿಡಿದೆ. ಕ್ಯಾಬಿನೆಟ್ ಬಿಚ್ಚಿದರೆ ನಮ್ಮೂರಿನ ಎರೆಮಣ್ಣಿನ ಧೂಳು ಪ್ರೊಸೆಸರ್ ಫ್ಯಾನಿಗೆ ಕಂಬಳಿಯ ಹಾಗೆ ಮೆತ್ತಿತ್ತು. ಎರಡೂ ರ‍್ಯಾಮ್ ತೆಗೆದೆ. ಬಂಗಾರದ ಬಣ್ಣದ ಹಲ್ಲುಗಳು ಮಾಸಿಹೋಗಿದ್ದವು. ಮಗಳ ಕಂಪಾಸ್ ಡಬ್ಬಿಯ ರಬ್ಬರಿನಿಂದ ಮೆಲ್ಲಗೆ ಉಜ್ಜಿ, ಒಣ ಬಟ್ಟೆಯಿಂದ ಒರೆಸಿದೆ. ಒಂದನ್ನೇ ಸ್ಲಾಟಿಗೆ ಕೂರಿಸಿ ‘ಟಕ್’ ಅನ್ನುವ ತನಕ ಒತ್ತಿದೆ. ಆನ್ ಮಾಡಿದರೆ ಲೋಗೋ ಬಂತು! ಕಾಕಾ ನನಗಿಂತ ಮೊದಲು ಎದ್ದು ನಿಂತರು. ಆಮೇಲೆ ಎರಡನೆಯದನ್ನೂ ಹಾಕಿದೆ, ಅದೂ ಸರಿಯಾಯಿತು.

ಹಲ್ಲು ಮಾಸಿದರೆ ರ‍್ಯಾಮ್ ಇದ್ದೂ ಬೋರ್ಡಿಗೆ ಸಿಗುವುದಿಲ್ಲ. ಅದು ಸಿಗದೆ ಪರದೆಗೆ ಚಿತ್ರವೂ ಬರುವುದಿಲ್ಲ. ಆಗ ಬೋರ್ಡ್ ಬೀಪ್ ಮಾಡಿ ಹೇಳುತ್ತದೆ. ಆದರೆ ಜೋಡಿಸಿಕೊಟ್ಟವರು ಆ ಸಣ್ಣ ಸ್ಪೀಕರ್ ಹಾಕಿರಲೇ ಇಲ್ಲ. ನನ್ನ ಒಂದು ಅಂಕ ಹೋದದ್ದು ಅಲ್ಲೇ. ಹೊಸದಾಗಿ ಅಸೆಂಬಲ್ ಮಾಡಿಸುವವರು ಅದನ್ನು ಕೇಳಿ ಹಾಕಿಸಿಕೊಳ್ಳಿ. ಎಸ್‌ಎಂಪಿಎಸ್ ಡಬ್ಬಿಯನ್ನು, ಅಂದರೆ ಕಂಪ್ಯೂಟರಿಗೆ ಕರೆಂಟ್ ಕೊಡುವ ಡಬ್ಬಿಯನ್ನು, ಮಾತ್ರ ನೀವು ಬಿಚ್ಚಬೇಡಿ. ಪ್ಲಗ್ ಕಿತ್ತ ಮೇಲೂ ಅದರೊಳಗೆ ಶಾಕ್ ಹೊಡೆಯುವಷ್ಟು ಕರೆಂಟ್ ಉಳಿದಿರುತ್ತದೆ.

ಕಂಪ್ಯೂಟರಿನ ಗಡಿಯಾರ ಆಗಾಗ ಹಿಂದೆ ಹೋಗುತ್ತಿತ್ತು, ಅವತ್ತೇ ಬೋರ್ಡಿನ ಸಿಆರ್2032 ಬಿಲ್ಲೆ ಸೆಲ್ಲನ್ನೂ ಬದಲಿಸಿದೆ. ಪ್ರೊಸೆಸರ್ ಎಂಟನೇ ತಲೆಮಾರಿನದು, ಹಾಗಾಗಿ ವಿಂಡೋಸ್ 11 ಕೂಡ ಹಾಕಿಕೊಂಡಿದ್ದೇನೆ. ಈಗ ವರ್ಷಕ್ಕೆ ಎರಡು ಸಲ, ಬೇಸಿಗೆಗೆ ಮೊದಲು ಮತ್ತು ದೀಪಾವಳಿಯ ಅಂಗಡಿ ಪೂಜೆಗೆ ಮೊದಲು, ಫ್ಯಾನಿನ ರೆಕ್ಕೆ ತಿರುಗದ ಹಾಗೆ ಬೆರಳಲ್ಲಿ ಹಿಡಿದು ಬ್ಲೋವರಿನಿಂದ ಧೂಳು ಊದುತ್ತೇನೆ.