ಟಿಯಾಗೊ ಇವಿ: ರಾಯಚೂರಿನ ಲೆಕ್ಕಕ್ಕೆ ಹೊಂದುತ್ತದೆಯೇ?

ಟಾಟಾ ಟಿಯಾಗೊ ಇವಿ 2022ರ ಸೆಪ್ಟೆಂಬರ್‌ನಲ್ಲಿ 8.49 ಲಕ್ಷ ರೂಪಾಯಿಯ ಆರಂಭಿಕ ಬೆಲೆಗೆ ಬಂದಾಗ, ಸಾಮಾನ್ಯ ಕುಟುಂಬದ ಕೈಗೆಟುಕುವ ಎಲೆಕ್ಟ್ರಿಕ್ ಕಾರು ಬಂತು ಎಂಬ ಮಾತು ಕೇಳಿಬಂದಿತ್ತು. 24 ಯೂನಿಟ್ ಹಿಡಿಯುವ ದೊಡ್ಡ ಬ್ಯಾಟರಿಯ ಮಾದರಿಯನ್ನು ಒಂದೂವರೆ ವರ್ಷದಿಂದ ರಾಯಚೂರು ಜಿಲ್ಲೆಯಲ್ಲಿ ಓಡಿಸುತ್ತಿರುವ ನನಗೆ ಆ ಮಾತು ಅರ್ಧ ಮಾತ್ರ ನಿಜವೆನಿಸಿದೆ.

ಕಾರಿನ ಬಗ್ಗೆ ನನಗೆ ದೂರಿಲ್ಲ. ಸದ್ದಿಲ್ಲ, ಗೇರ್ ಬದಲಿಸುವ ಗೋಜಿಲ್ಲ, ಸಂತೆಯ ದಿನದ ಇಕ್ಕಟ್ಟಿನಲ್ಲೂ ಸಲೀಸಾಗಿ ನುಗ್ಗುತ್ತದೆ. ಪರೀಕ್ಷಾ ಮಾನದಂಡದ ಪ್ರಕಾರ 315 ಕಿಲೋಮೀಟರ್ ಎಂದು ಘೋಷಿಸಿದ್ದರೂ, ನಮ್ಮ ಬಿಸಿಲಿನಲ್ಲಿ ಎ.ಸಿ. ಹಾಕಿಕೊಂಡು ಹೋಗುವವರು ಸುಮಾರು 200 ಎಂದೇ ಲೆಕ್ಕ ಹಿಡಿಯುವುದು ಕ್ಷೇಮ.

ಈಗ ಹಣದ ವಿಚಾರ. ಪೆಟ್ರೋಲ್ ಟಿಯಾಗೊಗೂ ಇದಕ್ಕೂ ಸುಮಾರು 3 ಲಕ್ಷ ರೂಪಾಯಿ ಅಂತರವಿದೆ ಎಂದು ಇಟ್ಟುಕೊಳ್ಳೋಣ. ಪೆಟ್ರೋಲ್ ಕಾರು ಲೀಟರಿಗೆ 18 ಕಿಲೋಮೀಟರ್ ಓಡಿದರೆ ಕಿಲೋಮೀಟರಿಗೆ 5 ರೂಪಾಯಿ 70 ಪೈಸೆ ಬೀಳುತ್ತದೆ. ಮನೆಯ ಕರೆಂಟು ಯೂನಿಟ್ಟಿಗೆ ಸುಮಾರು 6 ರೂಪಾಯಿಯಾದ್ದರಿಂದ, ಚಾರ್ಜಿಂಗ್‌ನಲ್ಲಿ ಸೋರುವುದನ್ನೂ ಸೇರಿಸಿ ಇದಕ್ಕೆ ತಗಲುವುದು 80 ಪೈಸೆ. ಆದರೆ ಈ 80 ಪೈಸೆಯ ಹಿಂದೆ ತಿಂಗಳಿಗೆ 200 ಯೂನಿಟ್‌ವರೆಗೆ ಉಚಿತ ಕರೆಂಟು ಕೊಡುವ ಗೃಹಜ್ಯೋತಿ ಯೋಜನೆಯ ಒಂದು ಸಿಕ್ಕು ಅಡಗಿದೆ. ಕಾರನ್ನು ಬಿಟ್ಟರೆ ನಮ್ಮ ಮನೆಯ ಬಳಕೆ ತಿಂಗಳಿಗೆ 90 ಯೂನಿಟ್. ಕಾರು ಬರುವವರೆಗೆ ಬಿಲ್ಲು ಸೊನ್ನೆಯಿತ್ತು. ತಿಂಗಳಿಗೆ 1,000 ಕಿಲೋಮೀಟರ್ ಓಡಿಸಿದರೆ ಅದಕ್ಕೆ ಇನ್ನೂ 135 ಯೂನಿಟ್ ಸೇರುತ್ತದೆ, ಮೊತ್ತ 200 ದಾಟುತ್ತದೆ, ಆಗ ದಾಟಿದ ಯೂನಿಟ್ಟುಗಳಿಗೆ ಮಾತ್ರವಲ್ಲದೆ ಇಡೀ ಬಿಲ್ಲಿಗೆ ನಾವೇ ಹಣ ಕಟ್ಟಬೇಕಾಗುತ್ತದೆ. ಮೊದಲು ಉಚಿತವಾಗಿದ್ದ ಆ 90 ಯೂನಿಟ್ಟಿನ 540 ರೂಪಾಯಿಯನ್ನು ಕಾರಿನ ಖಾತೆಗೇ ಬರೆದುಕೊಂಡರೆ ಕಿಲೋಮೀಟರಿನ ಖರ್ಚು 1 ರೂಪಾಯಿ 35 ಪೈಸೆಗೆ ಏರುತ್ತದೆ. ಇದರ ಮೇಲೆ, ಒಂದು ಕಿಲೋವ್ಯಾಟ್ ಲೋಡ್ ಮಂಜೂರಾದ ಸಣ್ಣ ಮನೆಯವರು 15 ಆಂಪಿಯರ್ ಸಾಕೆಟ್ಟಿನಲ್ಲಿ ರಾತ್ರಿಯಿಡೀ ಚಾರ್ಜ್ ಮಾಡಬೇಕಾದರೆ ಲೋಡ್ ಹೆಚ್ಚಿಸಿಕೊಳ್ಳಬೇಕು, ಅರ್ಥಿಂಗ್ ಸರಿಪಡಿಸಬೇಕು, ನಿಗದಿತ ಶುಲ್ಕವನ್ನೂ ಹೆಚ್ಚು ಕಟ್ಟಬೇಕು.

ಇಷ್ಟಾದರೂ ದಿನಕ್ಕೆ 40 ಕಿಲೋಮೀಟರ್ ಓಡಾಡುವ ನನಗೆ ತಿಂಗಳಿಗೆ 4,000 ರೂಪಾಯಿಗೂ ಹೆಚ್ಚು ಉಳಿಯುತ್ತಿದೆ; ಬಡ್ಡಿಯನ್ನು ಬದಿಗಿಟ್ಟರೆ ಆರು ವರ್ಷದೊಳಗೆ ಅಂತರ ತೀರೀತು. ಬ್ಯಾಟರಿಗೆ 8 ವರ್ಷ ಅಥವಾ 1.6 ಲಕ್ಷ ಕಿಲೋಮೀಟರ್ ವಾರಂಟಿ ಇರುವುದರಿಂದ ಅಲ್ಲಿಯವರೆಗೆ ಧೈರ್ಯವೂ ಇದೆ. ಆದರೆ ಮದುವೆ, ಜಾತ್ರೆ, ಆಸ್ಪತ್ರೆ ಎಂದು ತಿಂಗಳಿಗೆ 300 ಕಿಲೋಮೀಟರ್ ಓಡಿಸುವ ಮನೆಗೆ ಉಳಿಯುವುದು 1,500 ರೂಪಾಯಿಯೂ ಇಲ್ಲ. ಆ ಹೆಚ್ಚುವರಿ 3 ಲಕ್ಷವನ್ನು ಶೇ 10ರ ಸಾಲದಲ್ಲಿ ತಂದಿದ್ದರೆ ಮೊದಲ ವರ್ಷದ ಬಡ್ಡಿಯೇ ತಿಂಗಳಿಗೆ 2,500 ರೂಪಾಯಿ. ಕಡಿಮೆ ಓಡಿಸುವ, ಸಾಲ ಮಾಡಿ ಕೊಳ್ಳುವ ಮನೆಗಳೇ ಇಲ್ಲಿ ಹೆಚ್ಚು.

ಬ್ಯಾಟರಿಯನ್ನು ಬಾಡಿಗೆಗೆ ಪಡೆಯುವ ದಾರಿಯೊಂದಿದೆ. ಎಂಜಿ ಕಾಮೆಟ್ 2024ರಲ್ಲಿ 4.99 ಲಕ್ಷಕ್ಕೆ ಕಾರು, ಕಿಲೋಮೀಟರಿಗೆ 2.5 ರೂಪಾಯಿ ಬ್ಯಾಟರಿ ಬಾಡಿಗೆ ಎಂಬ ಯೋಜನೆಯನ್ನು ತಂದಿತು. ಕರೆಂಟಿನ ಖರ್ಚು ಸೇರಿಸಿದರೆ ಅದು 3 ರೂಪಾಯಿ ದಾಟುತ್ತದೆ, ಆದರೂ ಕೈಯಲ್ಲಿ ದುಡ್ಡಿಲ್ಲದವರಿಗೆ ಯೋಚಿಸತಕ್ಕದ್ದೇ. ಸರ್ಕಾರದ ಕಡೆ ನೋಡಿದರೆ, ಎಲೆಕ್ಟ್ರಿಕ್ ಕಾರಿಗೆ ಜಿಎಸ್‌ಟಿ ಶೇ 5 ಇರುವುದು ನಿಜ, ಆದರೆ 2025ರ ಸೆಪ್ಟೆಂಬರ್‌ನಲ್ಲಿ ಸಣ್ಣ ಪೆಟ್ರೋಲ್ ಕಾರುಗಳ ತೆರಿಗೆ ಶೇ 28ರಿಂದ 18ಕ್ಕೆ ಇಳಿದ ಮೇಲೆ ಆ ಅನುಕೂಲ ತೆಳುವಾಗಿದೆ; ಪಿಎಂ ಇ-ಡ್ರೈವ್ ಸಹಾಯಧನದಲ್ಲಂತೂ ಸ್ವಂತ ಬಳಕೆಯ ಕಾರುಗಳಿಗೆ ಜಾಗವೇ ಇಲ್ಲ.

ಊರಾಚೆಯ ಪ್ರಯಾಣದ ಅನುಭವ ಇನ್ನೊಂದು ಬಗೆಯದು. ಸಾರ್ವಜನಿಕ ಚಾರ್ಜರುಗಳಲ್ಲಿ ಯೂನಿಟ್ಟಿಗೆ 20 ರೂಪಾಯಿಯಂತೆ ತೆತ್ತರೆ ಉಳಿಯುವುದು ಪೆಟ್ರೋಲ್ ಖರ್ಚಿನ ಅರ್ಧಕ್ಕಿಂತ ತುಸುವೇ ಹೆಚ್ಚು. ಹೆದ್ದಾರಿ ಬದಿಯ ಒಂದು ಚಾರ್ಜರ್ ಎರಡು ಸಲ ಕೆಟ್ಟು ನಿಂತಿದ್ದರಿಂದ, ಪಕ್ಕದ ಖಾನಾವಳಿಯವರ ಸಾಕೆಟ್ಟಿನಲ್ಲಿ ಎರಡು ತಾಸು ಕಾಯ್ದು ಹೊರಟಿದ್ದೇನೆ. ರಾಜ್ಯಕ್ಕೆ ಕರೆಂಟು ಕೊಡುವ ಶಕ್ತಿನಗರದ ಸ್ಥಾವರ ಇರುವುದು ಇದೇ ಜಿಲ್ಲೆಯಲ್ಲಿ ಎಂಬುದು ಆಗ ನೆನಪಾಗಿ ನಗುವೂ ಬಂತು.

ಅಂದಹಾಗೆ, ನಮ್ಮ ಓಣಿಯಲ್ಲಿ ಈ ಕಾರಿಗೆ ಎದುರಾಳಿ ಹೊಸ ಪೆಟ್ರೋಲ್ ಕಾರಲ್ಲ, ಎರಡು ಲಕ್ಷಕ್ಕೆ ಸಿಗುವ ಸೆಕೆಂಡ್ ಹ್ಯಾಂಡ್ ಆಲ್ಟೊ. ಮೆಕ್ಯಾನಿಕ್ ಸಂದಿಯಲ್ಲೇ ಸಿಗುತ್ತಾನೆ, ಬಿಡಿಭಾಗ ಪೇಟೆಯಲ್ಲೇ ಇದೆ. ನನ್ನ ಕಾರನ್ನು ನೋಡಲು ಬಂದವರೆಲ್ಲ ಮೊದಲು ಕೇಳುವುದು ಓಟದ ಬಗ್ಗೆ ಅಲ್ಲ, ಎಂಟು ವರ್ಷದ ಮೇಲೆ ಇದನ್ನು ಯಾರು ಕೊಳ್ಳುತ್ತಾರೆ ಎಂದು. ಅದಕ್ಕೆ ನನ್ನ ಬಳಿ ಇನ್ನೂ ಉತ್ತರವಿಲ್ಲ.