ಪೋರ್ಟಬಲ್ ಪವರ್ ಸ್ಟೇಷನ್: ಟೆಂಟಲ್ಲೂ ಮನೇಲೂ ಬಳಸಿ ನೋಡಿ ಬರೆದ ರಿವ್ಯೂ

ಪವರ್ ಸ್ಟೇಷನ್ ಅಂದ್ರೆ ಪ್ಲಗ್ ಪಾಯಿಂಟ್ ಇರೋ ದೊಡ್ಡ ಬ್ಯಾಟರಿ ಬಾಕ್ಸು. ನಾನು ಬಳಸ್ತಿರೋದು 1000 ವ್ಯಾಟ್ ಅವರ್ ಆಸುಪಾಸಿನ ಎಲ್‌ಎಫ್‌ಪಿ (ಲಿಥಿಯಂ ಐರನ್ ಫಾಸ್ಫೇಟ್) ಬ್ಯಾಟರಿ ಇರೋದು. ಇದೇ ಸೈಜಲ್ಲಿ ಈಕೋಫ್ಲೋ ಡೆಲ್ಟಾ 2 ಇದೆ, ಅದು 1024, ಬ್ಲೂಯೆಟ್ಟಿ ಎಸಿ180 ಆದ್ರೆ 1152, ಆಂಕರ್ ಸಾಲಿಕ್ಸ್ ಸಿ1000 ಆದ್ರೆ 1056, ಒಂದಕ್ಕೊಂದು ದೊಡ್ಡ ವ್ಯತ್ಯಾಸ ಏನಿಲ್ಲ. ಅದಕ್ಕೆ ಇಂಥ ಕಂಪನಿದೇ ತಗೊಳ್ಳಿ ಅಂತ ಹೇಳಲ್ಲ, ಈ ಜಾತಿ ಬಾಕ್ಸು ಯಾವ ಕೆಲ್ಸಕ್ಕೆ ಬರತ್ತೆ ಯಾವುದಕ್ಕೆ ಬರಲ್ಲ ಅಂತ ಹೇಳ್ತೀನಿ. ನನ್ನ ಅಭಿಪ್ರಾಯ ಮೊದ್ಲೇ ಹೇಳ್ಬಿಡ್ತೀನಿ: ಸಣ್ಣ ಲೋಡನ್ನ ತುಂಬಾ ಹೊತ್ತು ಓಡಿಸೋಕೆ ಇಷ್ಟು ಒಳ್ಳೆ ಸಾಮಾನು ಇನ್ನೊಂದಿಲ್ಲ, ಬಿಸಿ ಮಾಡೋ ಸಾಮಾನು ಓಡಿಸೋಕೆ ಅಂತ ತಗೊಂಡ್ರೆ ದುಡ್ಡು ದಂಡ.

ಬಾಕ್ಸ್ ಮೇಲೆ ದೊಡ್ಡದಾಗಿ 1800 ವ್ಯಾಟ್ ಅಂತ ಬರ್ದಿರ್ತಾರಲ್ಲ, ಅದು ಒಂದೇ ಸಲಕ್ಕೆ ಎಷ್ಟು ಲೋಡ್ ತಡ್ಕೊಳ್ಳತ್ತೆ ಅನ್ನೋ ಲೆಕ್ಕ ಅಷ್ಟೇ. ಎಷ್ಟು ಹೊತ್ತು ಬರತ್ತೆ ಅನ್ನೋದು ವ್ಯಾಟ್ ಅವರ್ ಮೇಲೆ ನಿಂತಿರತ್ತೆ. 1000 ವ್ಯಾಟ್ ಅವರ್ ಅಂದ್ರೆ ಕರೆಂಟ್ ಬಿಲ್ಲಲ್ಲಿ ಬರೋ ಒಂದು ಯೂನಿಟ್, ಅದಕ್ಕಿಂತ ಒಂಚೂರೂ ಜಾಸ್ತಿ ಇಲ್ಲ. ಅದ್ರಲ್ಲೂ ಎಸಿ ಪ್ಲಗ್ಗಿಂದ, ಅಂದ್ರೆ ಮನೆ ಸಾಕೆಟ್ ಥರದ್ದರಿಂದ ತಗೊಂಡ್ರೆ, ಬ್ಯಾಟರಿ ಕರೆಂಟನ್ನ ಮನೆ ಕರೆಂಟ್ ಥರ ಬದಲಾಯಿಸೋ ಇನ್ವರ್ಟರಲ್ಲಿ ಲಾಸ್ ಹೋಗಿ ಕೈಗೆ ಸಿಗೋದು 850 ಸುಮಾರು. ಒಂದು ಲೀಟರ್ ನೀರನ್ನ 20 ಡಿಗ್ರಿಯಿಂದ ಕುದಿಯೋವರೆಗೂ ಕಾಯಿಸೋಕೆ 93 ವ್ಯಾಟ್ ಅವರ್ ಬೇಕೇ ಬೇಕು, ಕೆಟಲ್ ಎಷ್ಟೇ ಒಳ್ಳೇದಿದ್ರೂ ಇದು ಇಳಿಯಲ್ಲ, ನೀರಿನ ಗುಣಾನೇ ಹಾಗೆ. ಕೆಟಲ್ಲಿನ ಲಾಸೂ ಸೇರಿ ಏಳೆಂಟು ಲೀಟರ್ ಕಾಯಿಸಿದ್ರೆ ಬಾಕ್ಸ್ ಖಾಲಿ. ಕ್ಯಾಂಪಿಂಗ್‌ಗೆ ಹೋದಾಗ ಅಡುಗೆಗೆ ಗ್ಯಾಸ್ ಸ್ಟೌ ಇಟ್ಕೊಳ್ಳಿ, ಬ್ಯಾಟರಿನ ಲೈಟು, ಫೋನು, ಕ್ಯಾಮೆರಾ, ಫ್ರಿಜ್ಜಿಗೆ ಉಳಿಸ್ಕೊಳ್ಳಿ.

ಈಗ ಯಾರೂ ಸರಿಯಾಗಿ ಹೇಳ್ದೇ ಇರೋ ವಿಷ್ಯಕ್ಕೆ ಬರ್ತೀನಿ, ಈ ಬಾಕ್ಸ್ ತಾನೇ ಎಷ್ಟು ತಿನ್ನತ್ತೆ ಅನ್ನೋದು. ಎಸಿ ಬಟನ್ ಆನ್ ಮಾಡಿದ್ರೆ ಸಾಕು, ಏನೂ ಹಾಕದೇ ಇದ್ರೂ ಒಳಗಿನ ಇನ್ವರ್ಟರ್ 10-15 ವ್ಯಾಟ್ ಎಳೀತಾನೇ ಇರತ್ತೆ, ಕೆಲವು ಮಾಡೆಲಲ್ಲಿ ಇನ್ನೂ ಜಾಸ್ತಿ. ವೈಫೈ ರೂಟರ್ ತಿನ್ನೋದು 10 ವ್ಯಾಟ್ ಅಂತ ಇಟ್ಕೊಳ್ಳಿ, ಅದನ್ನ ಎಸಿ ಪ್ಲಗ್ಗಿಗೆ ಹಾಕಿದ್ರೆ ರೂಟರ್‌ಗಿಂತ ಇನ್ವರ್ಟರ್ರೇ ಜಾಸ್ತಿ ಕುಡಿದಿರತ್ತೆ. ರೂಟರಿನ ಅಡಾಪ್ಟರ್ ಮೇಲೆ 12 ವೋಲ್ಟ್ ಅಂತ ಬರ್ದಿದ್ರೆ ಇನ್ವರ್ಟರ್ ಇಲ್ದೇ ಬ್ಯಾಟರಿ ಕರೆಂಟ್ ಕೊಡೋ ಬಾಕ್ಸಿನ ಡಿಸಿ ಪೋರ್ಟಿಂದ ನೇರ ಕೊಡಬಹುದು, ಪಿನ್ ಸೈಜು, ಪ್ಲಸ್ಸು ಮೈನಸ್ಸು, ಪೋರ್ಟಿನ ವೋಲ್ಟೇಜು ಎಲ್ಲಾ ನೋಡ್ಕೊಂಡು ಕೊಡಿ. ಎಸಿ ಆಫ್ ಇಟ್ಟು ಹೀಗೆ ಓಡಿಸಿದ್ರೆ ಹತ್ತತ್ರ ದುಪ್ಪಟ್ಟು ಹೊತ್ತು ಬರತ್ತೆ. ಲ್ಯಾಪ್‌ಟಾಪ್‌ಗೂ ಅಷ್ಟೇ, ಟೈಪ್ ಸಿ ಪೋರ್ಟಲ್ಲಿ ಚಾರ್ಜ್ ಆಗೋ ಹಂಗಿದ್ರೆ ಅದರ ಇಟ್ಟಿಗೆ ಅಡಾಪ್ಟರ್ ಹೊರಗೆ ತೆಗೀಲೇಬೇಡಿ.

ಇದಕ್ಕೆ ತಗಲಾಕೊಂಡಿರೋ ಇನ್ನೊಂದು ತಲೆನೋವು ಇಕೋ ಮೋಡ್. ಲೋಡ್ ತೀರಾ ಕಮ್ಮಿ ಇದ್ರೆ ಬಾಕ್ಸು ಯಾರೂ ಬಳಸ್ತಿಲ್ಲ ಅಂದ್ಕೊಂಡು ಎಸಿನ ತಾನೇ ಆಫ್ ಮಾಡ್ಬಿಡತ್ತೆ. ನಮ್ಮ ಮಾವನಿಗೆ ರಾತ್ರಿ ಸಿಪ್ಯಾಪ್ ಮೆಷಿನ್ (ನಿದ್ದೇಲಿ ಉಸಿರು ಕಟ್ಟದ ಹಾಗೆ ಮಾಸ್ಕಲ್ಲಿ ಗಾಳಿ ಊದೋದು) ಬೇಕು, ಅವ್ರನ್ನ ಕರ್ಕೊಂಡು ಟೆಂಟಲ್ಲಿ ಮಲಗೋದು ಅಂದಾಗ ನಾನು ಮೊದ್ಲು ಹುಡುಕಿದ್ದೇ ಆಪ್‌ನಲ್ಲಿ ಈ ಸೆಟ್ಟಿಂಗ್ ಎಲ್ಲಿದೆ ಅಂತ, ಅದನ್ನ ಆಫ್ ಮಾಡಿ ಮನೇಲೇ ಒಂದು ರಾತ್ರಿ ಪೂರ್ತಿ ಓಡ್ಸಿ ಬೆಳಿಗ್ಗೆ ಎಷ್ಟು ಪರ್ಸೆಂಟ್ ಉಳಿದಿದೆ ನೋಡಿ ಆಮೇಲೆ ಹೊರಟ್ವಿ. ಆ ಮೆಷಿನ್ನಲ್ಲಿ ಗಾಳಿ ಊದೋ ಮೋಟಾರ್‌ಗಿಂತ ಹ್ಯುಮಿಡಿಫೈಯರ್ರು, ಬಿಸಿ ಪೈಪು ಇವೇ ಜಾಸ್ತಿ ತಿನ್ನೋದು. ಡಾಕ್ಟರ್ ಬೇಡ ಅನ್ನದಿದ್ರೆ ಅವೆರಡು ಆಫ್ ಮಾಡಿ, ಮೆಷಿನ್ ಕಂಪನಿಯ ಡಿಸಿ ಅಡಾಪ್ಟರಲ್ಲಿ ಹಾಕಿದ್ರೆ ಒಂದೇ ಚಾರ್ಜಲ್ಲಿ ಎಷ್ಟೋ ರಾತ್ರಿ ಜಾಸ್ತಿ ಬರತ್ತೆ. ಅವ್ರು ಬೆಳಿಗ್ಗೆ ಎದ್ದು ಚೆನ್ನಾಗಿ ನಿದ್ದೆ ಬಂತಪ್ಪಾ ಅಂದಾಗ ಕೊಟ್ಟ ದುಡ್ಡು ಸಾರ್ಥಕ ಅನ್ನಿಸ್ತು.

ಮನೆ ವಿಷ್ಯಕ್ಕೆ ಬಂದ್ರೆ ಎಲ್ಲರೂ ಕೇಳೋದು ಫ್ರಿಜ್ಜು. ಓಡೋವಾಗ 100-150 ವ್ಯಾಟ್ ಅಷ್ಟೇ ಆದ್ರೂ ಕಂಪ್ರೆಸರ್ ಸ್ಟಾರ್ಟ್ ಆಗೋ ಕ್ಷಣಕ್ಕೆ ಅದ್ರ ಎಷ್ಟೋ ಪಟ್ಟು ಎಳೆಯತ್ತೆ, ಸರ್ಜ್ ರೇಟಿಂಗ್ ನೋಡಿ ತಗೊಳ್ಳಿ ಅನ್ನೋದು ಇದಕ್ಕೇನೆ, ಜೊತೆಗೆ ಪ್ಯೂರ್ ಸೈನ್ ವೇವ್, ಅಂದ್ರೆ ಮನೆ ಲೈನಿನ ಥರಾನೇ ನಯವಾದ ಕರೆಂಟು ಇರ್ಲೇಬೇಕು. ಸಾಧಾರಣ ಫ್ರಿಜ್ಜು ದಿನಕ್ಕೆ ಒಂದು ಯೂನಿಟ್ ಆಚೀಚೆ ತಿನ್ನತ್ತೆ, ಹಾಗಾಗಿ ಈ ಬಾಕ್ಸಲ್ಲಿ ಹದಿನೈದು ಇಪ್ಪತ್ತು ಗಂಟೆ ಓಡ್ಸಬಹುದು. ಆದ್ರೆ ಕರೆಂಟ್ ಹೋದ ತಕ್ಷಣ ಹಾಕೋ ಅಗತ್ಯ ಏನಿಲ್ಲ, ಬಾಗಿಲು ತೆಗೀದೇ ಇದ್ರೆ 4 ಗಂಟೆ ತಣ್ಣಗೆ ಇರತ್ತೆ, ಆಮೇಲೆ ಆಗಾಗ ಹಾಕಿ ತೆಗೆದ್ರೂ ನಡೆಯತ್ತೆ, ಉಳಿದಿದ್ದು ಲೈಟಿಗೆ ಫ್ಯಾನಿಗೆ. ಹಳೇ ಸೀಲಿಂಗ್ ಫ್ಯಾನು 70-75 ವ್ಯಾಟ್, ಬಿಎಲ್‌ಡಿಸಿ ಫ್ಯಾನಾದ್ರೆ 30 ಸುಮಾರು, ಬ್ಯಾಕಪ್ ಬಗ್ಗೆ ಯೋಚನೆ ಮಾಡೋರು ಫ್ಯಾನ್ ಬದಲಾಯಿಸೋದನ್ನೂ ಲೆಕ್ಕಕ್ಕೆ ತಗೊಳ್ಳಿ.

ಕರೆಂಟ್ ಹೋದಾಗ ತಾನೇ ಬದಲಾಗೋ ಯುಪಿಎಸ್ ಮೋಡ್ ತುಂಬಾ ಮಾಡೆಲಲ್ಲಿ ಇದೆ, 10ರಿಂದ 30 ಮಿಲಿಸೆಕೆಂಡ್ ತಗೊಳ್ಳತ್ತೆ, ನನ್ನ ಡೆಸ್ಕ್‌ಟಾಪ್ ಇದುವರೆಗೂ ರೀಸ್ಟಾರ್ಟ್ ಆಗಿಲ್ಲ. ಒಂದು ಮಾತು ಮಾತ್ರ ಕೈಮುಗಿದು ಹೇಳ್ತೀನಿ, ಎರಡೂ ಕಡೆ ಪಿನ್ ಇರೋ ವೈರ್ ಮಾಡಿ ಗೋಡೆ ಸಾಕೆಟ್ಟಿಗೆ ಚುಚ್ಚಿ ಇಡೀ ಮನೆಗೆ ಕರೆಂಟ್ ಕೊಡೋ ಸಾಹಸ ಬೇಡ. ಆ ಕರೆಂಟು ಲೈನಿಗೆ ವಾಪಸ್ ಹೋದ್ರೆ ಕಂಬದ ಮೇಲೆ ಕೆಲ್ಸ ಮಾಡ್ತಿರೋ ಲೈನ್‌ಮನ್ ಪ್ರಾಣ ಹೋಗತ್ತೆ.

ಎಲ್‌ಎಫ್‌ಪಿನೇ ಯಾಕೆ ಅಂದ್ರೆ ಆಯಸ್ಸು. ಎನ್‌ಎಂಸಿ ಅನ್ನೋ ಇನ್ನೊಂದು ಥರದ ಲಿಥಿಯಂ ಬ್ಯಾಟರಿ ಇರೋ ಹಳೇ ಬಾಕ್ಸುಗಳಿಗೆ ಕಂಪನಿಗಳು ಹೇಳ್ತಿದ್ದಿದ್ದು 500-800 ಸೈಕಲ್ (ಒಂದ್ಸಲ ಪೂರ್ತಿ ಚಾರ್ಜ್ ಮಾಡಿ ಖಾಲಿ ಮಾಡಿದ್ರೆ ಒಂದು ಸೈಕಲ್), ಇದಕ್ಕೆ 3000 ಅಂತಾರೆ, ಬೆಂಕಿ ಹತ್ತೋ ಅಪಾಯಾನೂ ಕಮ್ಮಿ, ಅದಕ್ಕೆ ಪ್ರತಿಯಾಗಿ ತೂಕ ಜಾಸ್ತಿ. 12 ಕೆಜಿ ಚಿಲ್ಲರೆ ಬರತ್ತೆ, ಕಾರಲ್ಲಿ ಹೋಗೋರಿಗೆ ಓಕೆ, ಬೆನ್ನಿಗೆ ಹಾಕ್ಕೊಂಡು ಬೆಟ್ಟ ಹತ್ತೋರಿಗೆ ಆಗಲ್ಲ. ವಿಮಾನದಲ್ಲಂತೂ ಬಿಡೋದೇ ಇಲ್ಲ, 160 ವ್ಯಾಟ್ ಅವರ್ ದಾಟಿದ ಪವರ್ ಬ್ಯಾಂಕ್ ಪ್ರಯಾಣಿಕರು ಒಯ್ಯೋ ಹಾಗಿಲ್ಲ. ಎಲ್‌ಎಫ್‌ಪಿಯ ಒಂದು ತೊಂದ್ರೆ ಅಂದ್ರೆ ಚಾರ್ಜ್ ಇಳೀತಾ ಹೋದ್ರೂ ವೋಲ್ಟೇಜ್ ಜಾಸ್ತಿ ಬದಲಾಗಲ್ಲ, ಹಂಗಾಗಿ ಪರ್ಸೆಂಟ್ ತೋರ್ಸೋದು ದಾರಿ ತಪ್ಪತ್ತೆ. ನನ್ನದು 14 ಪರ್ಸೆಂಟ್ ತೋರಿಸ್ತಾ ಇದ್ದಿದ್ದು ಇದ್ದಕ್ಕಿದ್ದಂಗೆ ಸೊನ್ನೆಗೆ ಬಂದು ಕತ್ತಲಾಯ್ತು. ಆಗಾಗ 100ರ ತನಕ ಫುಲ್ ಚಾರ್ಜ್ ಮಾಡಿದ್ರೆ ಲೆಕ್ಕ ಸರಿ ಹೋಗತ್ತೆ.

ಸೋಲಾರ್ ಪ್ಯಾನೆಲ್ ಬಗ್ಗೆ ಆಸೆ ಇಟ್ಕೊಳ್ಳಿ, ಅತಿ ಆಸೆ ಬೇಡ. 100 ವ್ಯಾಟ್ ಪ್ಯಾನೆಲ್ ಒಳ್ಳೆ ಬಿಸಿಲಲ್ಲಿ 60-80 ಕೊಟ್ರೆ ಸಂತೋಷ ಪಡಿ. ಒಂದು ಕೊಂಬೆ ನೆರಳು ಮೂಲೆ ಮೇಲೆ ಬಿದ್ರೂ ಸ್ಕ್ರೀನಲ್ಲಿ ನಂಬರ್ ದಬ್ಬಂತ ಇಳಿಯೋದು ಕಣ್ಣೆದುರೇ ಕಾಣತ್ತೆ, ಪ್ಯಾನೆಲ್ಲನ್ನ ಒಂಚೂರು ಎಳೆದು ಇಟ್ರೆ ಮತ್ತೆ ಏರತ್ತೆ. ಪ್ಯಾನೆಲ್ ಬಿಸಿಲಲ್ಲಿ, ಬಾಕ್ಸ್ ನೆರಳಲ್ಲಿ ಇರಬೇಕು, ಅದಕ್ಕೆ ಉದ್ದ ಕೇಬಲ್ ತಗೊಳ್ಳಿ. ಸೋಲಾರ್ ಇನ್‌ಪುಟ್‌ಗೆ 60 ವೋಲ್ಟ್ ಲಿಮಿಟ್ ಇರೋ ಬಾಕ್ಸಿಗೆ 22 ವೋಲ್ಟಿನ ಮೂರು ಪ್ಯಾನೆಲ್ ಸೀರೀಸಲ್ಲಿ, ಅಂದ್ರೆ ಒಂದರ ಹಿಂದೆ ಒಂದು ಜೋಡಿಸಿ ಹಾಕಿದ್ರೆ 66 ಆಗತ್ತೆ, ಚಳಿಯಲ್ಲಿ ಇನ್ನೂ ಏರತ್ತೆ, ಸರ್ಕ್ಯೂಟ್ ಸುಟ್ಟುಹೋಗಬಹುದು. ಸೊನ್ನೆ ಡಿಗ್ರಿಗಿಂತ ಕೆಳಗೆ ಹೋದ್ರೆ ಚಾರ್ಜೇ ಮಾಡ್ಬಾರ್ದು, ಒಳ್ಳೆ ಬಾಕ್ಸ್ ತಾನೇ ನಿಲ್ಲಿಸತ್ತೆ.

ಶಬ್ದದ ಬಗ್ಗೆ ಹೇಳೋದಾದ್ರೆ, ಸಣ್ಣ ಲೋಡಲ್ಲಿ ಇದು ಇದೆ ಅಂತಾನೇ ಗೊತ್ತಾಗಲ್ಲ, ಫಾಸ್ಟ್ ಚಾರ್ಜಿಗೆ ಹಾಕಿದ್ರೆ ಮಾತ್ರ ಫ್ಯಾನು ಜೋರಾಗಿ ತಿರುಗತ್ತೆ, ಪಕ್ಕದ ರೂಮಿಗೂ ಕೇಳತ್ತೆ. ಆಪ್‌ನಲ್ಲಿ ಚಾರ್ಜಿಂಗ್ ವ್ಯಾಟ್ ಕಮ್ಮಿ ಮಾಡಿ ರಾತ್ರಿ ಹಾಕಿ, ಬ್ಯಾಟರಿಗೂ ಒಳ್ಳೇದು. ಜನರೇಟರ್ ಥರ ಹೊಗೆ ಇಲ್ಲ, ಮನೆ ಒಳಗೇ ಇಟ್ಕೋಬಹುದು ಅನ್ನೋದೇ ನನಗೆ ಇದರಲ್ಲಿ ಎಲ್ಲಕ್ಕಿಂತ ಇಷ್ಟ ಆಗಿದ್ದು.

ನೀರಿನ ಪಂಪು, ಗೀಸರು, ದೊಡ್ಡ ಏರ್ ಕಂಡೀಷನರ್ ಓಡಿಸಬೇಕು ಅನ್ನೋರು ಈ ಸೈಜಿನ ತಂಟೆಗೆ ಬರಬೇಡಿ. ತಗೊಳ್ಳೋರು ಸರ್ವಿಸ್ ನಿಮ್ಮ ಹತ್ತಿರ ಎಲ್ಲಿ ಸಿಗತ್ತೆ ಅಂತ ಕೊಳ್ಳೋಕೆ ಮುಂಚೆ ಕೇಳಿ. ಲಿಥಿಯಂ ಬ್ಯಾಟರಿ ಸಾಗಣೆ ನಿಯಮದಲ್ಲಿ ಅಪಾಯಕಾರಿ ಸರಕು, ಕೆಟ್ಟು ನಿಂತ 12 ಕೆಜಿ ಬಾಕ್ಸನ್ನ ಮಾಮೂಲಿ ಪಾರ್ಸೆಲ್ ಥರ ಕಳಿಸೋಕಾಗಲ್ಲ, ವಾರಂಟಿ ಐದು ವರ್ಷ ಅಂತ ಬರ್ದಿದ್ರೂ ವಾಪಸ್ ಒಯ್ಯೋದು ಯಾರು, ಖರ್ಚು ಯಾರದ್ದು ಅಂತ ಬರವಣಿಗೆಯಲ್ಲಿ ತಗೊಳ್ಳಿ.