‘ಹಳೆಯ ಸೀಸನ್‌ಗಳು’ ಟ್ಯಾಬ್‌ಗಾಗಿಯೇ ಬಿಡದೆ ಬಳಸುತ್ತಿರುವ ಫ್ಯಾಂಟಸಿ ಆಪ್: ದೀರ್ಘಕಾಲದ ಬಳಕೆಯ ವಿಮರ್ಶೆ

ಫ್ಯಾಂಟಸಿ ಆಪ್‌ಗಳ, ಅಂದರೆ ನಿಜವಾದ ಪಂದ್ಯಗಳ ಆಟಗಾರರನ್ನು ಆರಿಸಿ ಕಾಲ್ಪನಿಕ ತಂಡ ಕಟ್ಟಿ ಅವರ ಆಟಕ್ಕೆ ತಕ್ಕಂತೆ ಅಂಕ ಗಳಿಸುವ ಆಪ್‌ಗಳ, ವಿಮರ್ಶೆಗಳೆಲ್ಲ ಸೀಸನ್ ಶುರುವಾದ ಹೊಸತರಲ್ಲೇ ಬಂದುಬಿಡುತ್ತವೆ. ಸ್ಕೋರ್ ಬೇಗ ಅಪ್‌ಡೇಟ್ ಆಗುತ್ತದೆಯೇ, ಡೆಡ್‌ಲೈನ್ (ವಾರದ ತಂಡ ಬದಲಿಸಲು ಕೊನೆಯ ಸಮಯ) ಹೊತ್ತಿಗೆ ಆಪ್ ಕೈಕೊಡುತ್ತದೆಯೇ, ಟ್ರಾನ್ಸ್‌ಫರ್ (ಆಟಗಾರರನ್ನು ಮಾರಿ ಕೊಳ್ಳುವ) ಪುಟ ಸಲೀಸಾಗಿದೆಯೇ, ಇಷ್ಟರಲ್ಲಿ ಮಾತು ಮುಗಿಯುತ್ತದೆ. ಸೀಸನ್ ಮುಗಿದ ಮೇಲೆ ಏನು ಉಳಿಯುತ್ತದೆ ಎಂದು ಯಾರೂ ಕೇಳುವುದಿಲ್ಲ. ಇಂಗ್ಲೆಂಡಿನ ಪ್ರೀಮಿಯರ್ ಲೀಗ್ ಫುಟ್‌ಬಾಲ್ ಮೇಲೆ ಖಾಸಗಿ ಲೀಗ್ ನಡೆಸಲು ನಮ್ಮ ಗೆಳೆಯರ ಗುಂಪು ಈ ಆಪ್ ಹಿಡಿದು ಹಲವು ಸೀಸನ್‌ಗಳಾದವು. ಇದಕ್ಕಿಂತ ಚೆಂದದ ಆಪ್‌ಗಳಿವೆ, ಇದಕ್ಕಿಂತ ಬೇಗ ಸ್ಕೋರ್ ಕೊಡುವವೂ ಇವೆ. ನಾವು ಇಲ್ಲಿಂದ ಕದಲದೆ ಇರುವುದಕ್ಕೆ ಕಾರಣ ‘ಹಳೆಯ ಸೀಸನ್‌ಗಳು’ ಎಂಬ ಒಂದು ಟ್ಯಾಬ್. ಹಾಗಾಗಿ ನನ್ನ ವಿಮರ್ಶೆಯೂ ಬಹುಪಾಲು ಅದರದ್ದೇ.

ಹೆಚ್ಚಿನ ಆಟಗಳಲ್ಲಿ ಹಳೆಯ ಸೀಸನ್ ಎಂದರೆ ಒಂದು ಸಾಲು. 2002-03ರಲ್ಲಿ ಶುರುವಾದ ಅಧಿಕೃತ ಫ್ಯಾಂಟಸಿ ಪ್ರೀಮಿಯರ್ ಲೀಗ್ ಅನ್ನೇ ನೋಡಿ. ಬೇಸಿಗೆಯಲ್ಲಿ ಆಟ ಹೊಸದಾಗಿ ತೆರೆದಾಗ ನಿಮ್ಮ ಹಿಂದಿನ ಸೀಸನ್‌ಗಳ ಪಟ್ಟಿಯಲ್ಲಿ ಕಾಣುವುದು ಸೀಸನ್ ಯಾವುದು, ಒಟ್ಟು ಅಂಕ ಎಷ್ಟು, ಒಟ್ಟಾರೆ ರ‍್ಯಾಂಕ್ ಎಷ್ಟು ಎಂಬ ಮೂರು ವಿವರ. ಲಕ್ಷಗಟ್ಟಲೆ ಜನ ಆಡುವ ಆಟಕ್ಕೆ ಅಷ್ಟು ಸಾಕೆಂದು ತೀರ್ಮಾನಿಸಿದ್ದರೆ ಅದು ಅರ್ಥವಾಗುವಂಥದ್ದೇ. ಆದರೆ ಒಟ್ಟು ಅಂಕವೆಂಬುದು 38 ಗೇಮ್‌ವೀಕ್‌ಗಳಲ್ಲಿ (ಪಂದ್ಯಗಳ ಸುತ್ತುಗಳಲ್ಲಿ) ತೆಗೆದುಕೊಂಡ ತೀರ್ಮಾನಗಳ ಮೊತ್ತ. ಯಾರನ್ನು ಕ್ಯಾಪ್ಟನ್ (ಅವನ ಅಂಕ ಇಮ್ಮಡಿ) ಮಾಡಿದೆವು, ಯಾರನ್ನು ಬೆಂಚ್‌ನಲ್ಲಿ ಕೂರಿಸಿದೆವು, ವೈಲ್ಡ್‌ಕಾರ್ಡ್ (ಒಂದು ವಾರ ಮಿತಿಯಿಲ್ಲದೆ ಆಟಗಾರರನ್ನು ಬದಲಿಸುವ ಅವಕಾಶ) ಯಾವ ವಾರ ಆಡಿದೆವು ಎಂಬುದು ಆ ಮೊತ್ತ ನೋಡಿದರೆ ತಿಳಿಯುವುದಿಲ್ಲ. ಫ್ಯಾಂಟಸಿ ಆಡುವವರಿಗೆ ನೆನಪಿರುವುದು, ಜಗಳವಾಡಲು ಬೇಕಾಗಿರುವುದು ಇವೇ.

ಈ ಆಪ್ ಪ್ರತಿ ಡೆಡ್‌ಲೈನ್ ಕ್ಷಣದಲ್ಲಿ ಇಡೀ ತಂಡವನ್ನು ಇದ್ದ ಹಾಗೇ ಹಿಡಿದಿಡುತ್ತದೆ. ಹನ್ನೊಂದು ಮಂದಿ, ಬೆಂಚ್‌ನ ಕ್ರಮ, ಕ್ಯಾಪ್ಟನ್, ವೈಸ್ ಕ್ಯಾಪ್ಟನ್, ಆಡಿದ ಚಿಪ್ (ವೈಲ್ಡ್‌ಕಾರ್ಡ್‌ನಂಥ ವಿಶೇಷ ಅವಕಾಶ), ಬ್ಯಾಂಕ್‌ನಲ್ಲಿ ಉಳಿದ ಹಣ, ಎಲ್ಲವೂ. ಬೆಂಚ್‌ನ ಕ್ರಮಕ್ಕೆ ಇಷ್ಟು ಮಹತ್ವ ಏಕೆಂದು ಹೊಸಬರು ಕೇಳಬಹುದು. ಆಡದೆ ಉಳಿದ ಆಟಗಾರನ ಜಾಗಕ್ಕೆ ಯಾರು ಬರುತ್ತಾರೆಂದು ನಿರ್ಧರಿಸುವುದೇ ಆ ಕ್ರಮ. ಅದನ್ನು ಉಳಿಸದಿದ್ದರೆ ಆ ವಾರದ ಅಂಕ ಹೇಗೆ ಬಂತೆಂದು ಮುಂದೆ ಯಾರಿಗೂ ವಿವರಿಸಲಾಗದು.

ಇದಕ್ಕಿಂತ ದೊಡ್ಡ ಕೆಲಸವೊಂದನ್ನು ಈ ಆಪ್ ಮಾಡಿದೆ. ಆ ಹೊತ್ತಿಗೆ ನಮಗೆ ಏನು ಗೊತ್ತಿತ್ತು ಎಂಬುದನ್ನೂ ಜೊತೆಗೆ ಉಳಿಸಿದೆ. ಡೆಡ್‌ಲೈನ್ ಸಮಯದಲ್ಲಿ ಆಟಗಾರನ ಹೆಸರಿನ ಪಕ್ಕ ಆಡುವುದು ಅನುಮಾನ ಎನ್ನುವ ಹಳದಿ ಗುರುತಿತ್ತೇ, ಆಡುವ ಸಾಧ್ಯತೆ 75% ಎಂದಿತ್ತೇ 25% ಎಂದಿತ್ತೇ, ಆ ದಿನ ಅವನ ಬೆಲೆ ಎಷ್ಟಿತ್ತು, ಮುಂದಿನ ಪಂದ್ಯಗಳು ಯಾರ ಮೇಲಿದ್ದವು, ಇವನ್ನೆಲ್ಲ ಹಳೆಯ ಗೇಮ್‌ವೀಕ್ ತೆರೆದಾಗ ಅಂದಿನ ರೂಪದಲ್ಲೇ ನೋಡಬಹುದು. ಫಲಿತಾಂಶ ಗೊತ್ತಾದ ಮೇಲೆ ಎಲ್ಲರೂ ಪಂಡಿತರೇ. ಆ ಆಟಗಾರ ಎರಡು ಗೋಲ್ ಹೊಡೆದಿದ್ದಾನೆಂದು ಈಗ ಗೊತ್ತಿರುವುದರಿಂದ ಅವನನ್ನು ಬಿಟ್ಟವರು ದಡ್ಡರಂತೆ ಕಾಣುತ್ತಾರೆ. ಆದರೆ ಅಂದು ಅವನ ಹೆಸರಿನ ಪಕ್ಕ 25% ಎಂದಿದ್ದರೆ ಬಿಟ್ಟದ್ದೇ ಸರಿ. ಒಳ್ಳೆಯ ತೀರ್ಮಾನಕ್ಕೆ ಕೆಟ್ಟ ಫಲ ಬರುವುದುಂಟು, ಕೆಟ್ಟದ್ದಕ್ಕೆ ಒಳ್ಳೆಯದೂ ಬರುವುದುಂಟು. ಇವೆರಡನ್ನೂ ಬೇರೆ ಮಾಡಿ ನೋಡಲು ಅವಕಾಶ ಕೊಡುವ ಆರ್ಕೈವ್ ಮಾತ್ರ ಆಟವನ್ನು ಕಲಿಸುತ್ತದೆ ಎಂಬುದು ನನ್ನ ದೃಢ ಅಭಿಪ್ರಾಯ. ನಮ್ಮ ಲೀಗ್‌ನಲ್ಲಿ ಸತತವಾಗಿ ಮೇಲೆ ಇರುವ ಗೆಳತಿಯೊಬ್ಬಳ ಹಳೆಯ ಸೀಸನ್‌ಗಳನ್ನು ವಾರವಾರವೂ ತೆರೆದು ನೋಡಿದ್ದೇನೆ. ಅವಳು ಗಾಯದ ಗುರುತಿರುವವರನ್ನು ಎಂದೂ ಕ್ಯಾಪ್ಟನ್ ಮಾಡಿಲ್ಲ, ಬೆಲೆ ಏರುತ್ತಿದೆಯೆಂದು ವಾರದ ಆರಂಭದಲ್ಲೇ ಟ್ರಾನ್ಸ್‌ಫರ್ ಮಾಡಿದ್ದೂ ತೀರಾ ಅಪರೂಪ. ಅವಳ ಒಟ್ಟು ಅಂಕ ನೋಡಿದ್ದರೆ ಇದರಲ್ಲಿ ಒಂದೂ ತಿಳಿಯುತ್ತಿರಲಿಲ್ಲ.

ಬೆಲೆಯ ವಿಷಯಕ್ಕೂ ಇಲ್ಲೇ ಬರುತ್ತೇನೆ, ಏಕೆಂದರೆ ಬೇರೆ ಕಡೆ ಇದರಲ್ಲೇ ಲೆಕ್ಕ ತಪ್ಪುತ್ತದೆ. ನಾವು ಲೀಗ್ ನಡೆಸುವುದು ಅಧಿಕೃತ ಆಟದ ನಿಯಮಗಳ ಮೇಲೆಯೇ. ಅಲ್ಲಿ ಆಟಗಾರನ ಬೆಲೆ ಏರಿದರೆ ಏರಿದ್ದರಲ್ಲಿ ಅರ್ಧ ಮಾತ್ರ ಮಾರುವವರಿಗೆ ಸಿಗುತ್ತದೆ, ಅದೂ 0.1ರ ಲೆಕ್ಕದಲ್ಲಿ ಹತ್ತಿರದ ಕೆಳಗಿನ ಅಂಕಿಗೆ ಇಳಿಸಿ (ಬೆಲೆಗಳು ಮಿಲಿಯನ್ ಪೌಂಡ್‌ಗಳಲ್ಲಿ). 7.5ಕ್ಕೆ ಕೊಂಡವನು 7.8ಕ್ಕೆ ಏರಿದ್ದರೆ ಮಾರಿದಾಗ ಬರುವುದು 7.6. ಅಂದರೆ ಒಬ್ಬನೇ ಆಟಗಾರ ಒಂದೇ ದಿನ ಬೇರೆ ಬೇರೆ ತಂಡಗಳಲ್ಲಿ ಬೇರೆ ಬೇರೆ ಬೆಲೆ ಬಾಳುತ್ತಾನೆ. ಮಾರುಕಟ್ಟೆ ಬೆಲೆ ಮಾತ್ರ ಉಳಿಸಿದ ಆರ್ಕೈವ್‌ನಿಂದ ತಂಡದ ನಿಜವಾದ ಮೌಲ್ಯ ತಿಳಿಯಲಾಗದು. ಇಲ್ಲಿ ಪ್ರತಿಯೊಬ್ಬರೂ ಕೊಂಡ ಬೆಲೆಯೂ ದಾಖಲಾಗಿದೆ. ‘ಆಗ ಅವನನ್ನು ಕೊಳ್ಳಲು ನನ್ನ ಬಳಿ ದುಡ್ಡೇ ಇರಲಿಲ್ಲ’ ಎಂಬ ವಾದಕ್ಕೆ ನಮ್ಮ ಗುಂಪಿನಲ್ಲಿ ಈಗ ಪುರಾವೆ ಸಿಗುತ್ತದೆ.

ಇನ್ನು ಸೀಸನ್‌ಗಳ ನಡುವಿನ ಹೋಲಿಕೆ. ಈ ಆಪ್ ನನಗೆ ಅತಿ ಹೆಚ್ಚು ಸಂತೋಷ ಕೊಟ್ಟದ್ದೂ, ಅತಿ ಹೆಚ್ಚು ಬೇಸರ ತರಿಸಿದ್ದೂ ಇಲ್ಲೇ.

ಲಿವರ್‌ಪೂಲ್ ಕ್ಲಬ್‌ನಲ್ಲಿದ್ದ ಮೊಹಮ್ಮದ್ ಸಲಾಹ್ 2017-18ರಲ್ಲಿ 303 ಅಂಕ ಗಳಿಸಿದಾಗ ಅದು ಅಧಿಕೃತ ಆಟದ ದಾಖಲೆಯಾಗಿತ್ತು. 2024-25ರಲ್ಲಿ ಅವನೇ 344 ಅಂಕ ಗಳಿಸಿ ಅದನ್ನು ಮುರಿದ. ಆದರೆ 303ರ ಹಿಂದೆ ಒಂದು ಸಂಗತಿಯಿದೆ. ಆ ವರ್ಷ ಆಟ ಅವನನ್ನು ಮಿಡ್‌ಫೀಲ್ಡರ್ ಎಂದು ಗುರುತಿಸಿತ್ತು. ಮಿಡ್‌ಫೀಲ್ಡರ್ ಗೋಲ್‌ಗೆ 5 ಅಂಕ, ಫಾರ್ವರ್ಡ್‌ಗೆ 4. ಆ ಸೀಸನ್ ಅವನು ಲೀಗ್‌ನಲ್ಲಿ ಹೊಡೆದದ್ದು 32 ಗೋಲ್. ಅದೇ ಆಟ, ಅದೇ ಕಾಲು, ಪಟ್ಟಿಯಲ್ಲಿ ಫಾರ್ವರ್ಡ್ ಎಂದು ಬರೆದಿದ್ದರೆ ಗೋಲ್‌ಗಳಿಂದಲೇ 32 ಅಂಕ ಕಡಿಮೆ, ಕ್ಲೀನ್ ಶೀಟ್‌ಗೆ (ತಂಡ ಗೋಲ್ ಬಿಟ್ಟುಕೊಡದ ಪಂದ್ಯಕ್ಕೆ) ಸಿಗುತ್ತಿದ್ದ ಒಂದೊಂದು ಅಂಕವೂ ಇಲ್ಲ. ಹಾಗಾಗಿ ಆಟಗಾರನ ಸ್ಥಾನವನ್ನು ಸೀಸನ್‌ವಾರು ಉಳಿಸದ ಆರ್ಕೈವ್ ಸುಳ್ಳು ಹೇಳಿದಂತೆ. ಈ ಆಪ್‌ನಲ್ಲಿ ಹಳೆಯ ಸೀಸನ್ ತೆರೆದರೆ ಅಂದಿನ ಸ್ಥಾನವೇ ಕಾಣುತ್ತದೆ, ಪುಟದ ಮೇಲ್ಭಾಗದಲ್ಲಿ ಆ ಸೀಸನ್‌ನ ನಿಯಮಗಳ ಪಟ್ಟಿಯೂ ಇರುತ್ತದೆ.

ನಿಯಮಗಳು ಎಷ್ಟು ಬದಲಾಗಿವೆ ಎಂದು ಆ ಪಟ್ಟಿ ಓದಿದಾಗಲೇ ಅರಿವಾಗುವುದು. 2024-25ಕ್ಕೆ ಮೊದಲು ಫ್ರೀ ಟ್ರಾನ್ಸ್‌ಫರ್ (ಅಂಕ ಕಡಿತವಿಲ್ಲದ ಬದಲಾವಣೆ) ಎರಡಕ್ಕಿಂತ ಹೆಚ್ಚು ಕೂಡಿಡಲು ಆಗುತ್ತಿರಲಿಲ್ಲ, ಆಮೇಲೆ ಐದರವರೆಗೆ ಬಿಟ್ಟರು. 2025-26ರಲ್ಲಿ ರಕ್ಷಣಾ ಆಟಕ್ಕೂ ಅಂಕ ಬಂತು: ಕ್ಲಿಯರೆನ್ಸ್, ಬ್ಲಾಕ್, ಇಂಟರ್‌ಸೆಪ್ಷನ್, ಟ್ಯಾಕಲ್ ಎಲ್ಲ ಸೇರಿ ಡಿಫೆಂಡರ್ ಒಂದು ಪಂದ್ಯದಲ್ಲಿ 10 ಮುಟ್ಟಿದರೆ 2 ಅಂಕ. ಮಿಡ್‌ಫೀಲ್ಡರ್, ಫಾರ್ವರ್ಡ್‌ಗಳಿಗೆ ಬಾಲ್ ರಿಕವರಿಯನ್ನೂ ಸೇರಿಸಿ 12 ಬೇಕು. ಹೀಗಿರುವಾಗ 2025-26ರ ಅಂಕವನ್ನು ಅದಕ್ಕೆ ಹಿಂದಿನ ಸೀಸನ್‌ಗಳ ಅಂಕದ ಪಕ್ಕ ಇಟ್ಟು ಯಾರು ಮೇಲು ಎನ್ನುವುದರಲ್ಲಿ ಅರ್ಥವಿಲ್ಲ. ಆದರೂ ಈ ಆಪ್‌ನ ಮುಖಪುಟ ಅದನ್ನೇ ಮಾಡುತ್ತದೆ! ಎಲ್ಲ ಸೀಸನ್‌ಗಳ ಒಟ್ಟು ಅಂಕವನ್ನು ಒಂದೇ ಕಂಬಸಾಲಿನ ಚಿತ್ರದಲ್ಲಿ ತೋರಿಸಿ ‘ನಿಮ್ಮ ಅತ್ಯುತ್ತಮ ಸೀಸನ್’ ಎಂದು ಹಸಿರು ಬಣ್ಣ ಬಳಿಯುತ್ತದೆ. ಒಳಗೆ ಅಷ್ಟು ಎಚ್ಚರದಿಂದ ಕಟ್ಟಿದವರು ಹೊರಗೆ ಹೀಗೇಕೆ ಮಾಡಿದರೋ. ಅಲ್ಲಿ ಇರಬೇಕಾದದ್ದು ಆ ಸೀಸನ್ ಆಡಿದವರಲ್ಲಿ ನಾವು ಮೇಲಿನ ಶೇಕಡಾ ಎಷ್ಟರಲ್ಲಿ ಇದ್ದೆವು ಎಂಬ ಲೆಕ್ಕ. ರ‍್ಯಾಂಕ್ ಕೂಡ ಒಂದೇ ಸಾಲದು. ಆಡುವವರ ಸಂಖ್ಯೆ ಹೆಚ್ಚಾದಂತೆ ಅದೇ ರ‍್ಯಾಂಕ್‌ನ ತೂಕ ಬದಲಾಗುತ್ತದೆ.

‘ಇಂದಿನ ನಿಯಮದಲ್ಲಿ ಲೆಕ್ಕ ಹಾಕು’ ಎಂಬ ಬಟನ್ ಒಂದನ್ನು ನಂತರ ಸೇರಿಸಿದರು. ಹಳೆಯ ತಂಡಕ್ಕೆ ಹೊಸ ಅಂಕಪದ್ಧತಿ ಹಚ್ಚಿದರೆ ಎಷ್ಟಾಗುತ್ತಿತ್ತೆಂದು ತೋರಿಸುತ್ತದೆ. ಆದರೆ ನಮ್ಮ ಮೊದಲ ಸೀಸನ್‌ಗಳಿಗೆ ಅದು ಕೆಲಸ ಮಾಡುವುದಿಲ್ಲ. ಆಗ ಆಪ್ ಉಳಿಸಿದ್ದು ಪ್ರತಿ ಆಟಗಾರನ ಅಂಕವನ್ನು ಮಾತ್ರ. ಆ ಅಂಕ ಹುಟ್ಟಿದ ಮೂಲ ವಿವರಗಳನ್ನು, ಅಂದರೆ ಆಡಿದ ನಿಮಿಷ, ಟ್ಯಾಕಲ್, ಕ್ಲಿಯರೆನ್ಸ್‌ಗಳನ್ನು, ಉಳಿಸಿರಲಿಲ್ಲ. ಯಾರಾದರೂ ಇಂಥ ಫೀಚರ್ ಕಟ್ಟುವುದಾದರೆ ಅಂಕಕ್ಕಿಂತ ಮೊದಲು ಆ ಮೂಲ ವಿವರಗಳನ್ನು ಜೋಪಾನ ಮಾಡಲಿ ಎಂದು ಬೇಡಿಕೊಳ್ಳುತ್ತೇನೆ. ವಿವರಗಳಿದ್ದರೆ ಅಂಕವನ್ನು ಎಂದು ಬೇಕಾದರೂ ಲೆಕ್ಕ ಹಾಕಬಹುದು, ತಿರುಗಿಸಿ ಮಾಡಲು ಬರುವುದಿಲ್ಲ. ಇನ್ನೊಂದು ಮಾತು: ಮರುಲೆಕ್ಕದ ಅಂಕ ಕುತೂಹಲಕ್ಕೆ ಸರಿ, ತೀರ್ಪಿಗೆ ಸಲ್ಲದು. ಟ್ಯಾಕಲ್‌ಗೆ ಅಂಕವಿದೆಯೆಂದು ಗೊತ್ತಿದ್ದಿದ್ದರೆ ನಾವು ಆರಿಸುತ್ತಿದ್ದ ಡಿಫೆಂಡರ್‌ಗಳೇ ಬೇರೆ. ಬಟನ್‌ನ ಕೆಳಗೆ ಇದನ್ನು ಒಂದು ಸಾಲಿನಲ್ಲಿ ಬರೆದಿದ್ದಾರೆ, ಅದಕ್ಕೆ ಮೆಚ್ಚುಗೆ.

ಕೆಲವು ಸೀಸನ್‌ಗಳು ಯಾವ ಚೌಕಟ್ಟಿಗೂ ಕೂರುವುದಿಲ್ಲ. 2019-20ರ ಸೀಸನ್ ಕೋವಿಡ್‌ನಿಂದ ಮಾರ್ಚ್‌ನಲ್ಲಿ ನಿಂತು ಜೂನ್‌ನಲ್ಲಿ ಮತ್ತೆ ಶುರುವಾದಾಗ ಅಧಿಕೃತ ಆಟದ ಗೇಮ್‌ವೀಕ್‌ಗಳಿಗೆ 30+, 31+ ಎಂದು ಪ್ಲಸ್ ಗುರುತು ಹಚ್ಚಿದರು. 2022-23ರಲ್ಲಿ ಕತಾರ್ ವಿಶ್ವಕಪ್‌ಗಾಗಿ ಲೀಗ್ ನಡುವೆ ನಿಂತಾಗ ಎಲ್ಲರಿಗೂ ಮಿತಿಯಿಲ್ಲದ ಟ್ರಾನ್ಸ್‌ಫರ್ ಸಿಕ್ಕಿತು. ಅದನ್ನು ಬರೆದಿಡದಿದ್ದರೆ ಮುಂದೆ ನೋಡುವವರಿಗೆ ಎಲ್ಲರೂ ಒಟ್ಟಿಗೇ ವೈಲ್ಡ್‌ಕಾರ್ಡ್ ಆಡಿದಂತೆ ಕಾಣುತ್ತದೆ. ಈ ಆಪ್ ಅಂಥ ವಾರಗಳಿಗೆ ಒಂದು ಚಿಕ್ಕ ಟಿಪ್ಪಣಿ ಹಾಕಿದೆ.

ಆಟಗಾರರ ಗುರುತಿನಲ್ಲಿ ಒಮ್ಮೆ ದೊಡ್ಡ ಎಡವಟ್ಟಾಗಿತ್ತು. ಸೀಸನ್ ಬದಲಾಗುವಾಗ ಹಳೆಯ ದಾಖಲೆಯನ್ನು ಹೊಸದಕ್ಕೆ ಹೆಸರಿನ ಮೇಲೆ ಜೋಡಿಸಿದ್ದರು. ಆರ್ಸೆನಲ್ ಕ್ಲಬ್ ಒಂದರಲ್ಲೇ ಗೇಬ್ರಿಯಲ್ ಮಗಲ್ಯಾಯಿಸ್, ಗೇಬ್ರಿಯಲ್ ಜೀಸಸ್, ಗೇಬ್ರಿಯಲ್ ಮಾರ್ಟಿನೆಲ್ಲಿ ಎಂದು ಮೂವರಿದ್ದಾಗ ಏನಾಗುತ್ತದೆಂದು ಬೇರೆ ಹೇಳಬೇಕಿಲ್ಲ. ಡಿಫೆಂಡರ್‌ನ ಖಾತೆಗೆ ಫಾರ್ವರ್ಡ್‌ನ ಗೋಲ್‌ಗಳು ಬಂದು ಕೂತವು. ಬರೆದು ತಿಳಿಸಿದ ಮೇಲೆ ಸರಿಪಡಿಸಿದರು. ಅಧಿಕೃತ ಆಟದ ಡೇಟಾದಲ್ಲಿ ಪ್ರತಿ ಸೀಸನ್‌ಗೂ ಬದಲಾಗುವ ಒಂದು ಐಡಿಯ ಜೊತೆಗೆ, ಸೀಸನ್ ಕಳೆದರೂ ಬದಲಾಗದ ‘ಕೋಡ್’ ಎಂಬ ಇನ್ನೊಂದು ಸಂಖ್ಯೆಯೂ ಇರುತ್ತದೆ. ಅಂಥದ್ದನ್ನು ಮೊದಲೇ ಆಧಾರವಾಗಿ ಹಿಡಿದಿದ್ದರೆ ಈ ಗೊಂದಲವೇ ಇರುತ್ತಿರಲಿಲ್ಲ.

ಲೀಗ್‌ನ ಇತಿಹಾಸ ಇನ್ನೂ ಸೂಕ್ಷ್ಮ. ಒಬ್ಬೊಬ್ಬರ ಅಂಕಕ್ಕಿಂತ ನಮ್ಮ ಗುಂಪಿಗೆ ಮುಖ್ಯವಾದದ್ದು ಯಾವ ವರ್ಷ ಯಾರು ಗೆದ್ದರು, ಎಷ್ಟು ಅಂತರದಿಂದ, ಕೊನೆಯ ವಾರ ಯಾರು ಯಾರನ್ನು ದಾಟಿದರು ಎಂಬುದು. ಸ್ಲೀಪರ್ ಎಂಬ ಇನ್ನೊಂದು ಫ್ಯಾಂಟಸಿ ಆಪ್ ಇದಕ್ಕೊಂದು ಸರಳ ಉಪಾಯ ಮಾಡಿದೆ: ಪ್ರತಿ ಸೀಸನ್‌ಗೂ ಲೀಗ್‌ಗೆ ಹೊಸ ಐಡಿ, ಅದರೊಳಗೆ ಹಿಂದಿನ ಸೀಸನ್‌ನ ಲೀಗ್ ಐಡಿಗೆ ಒಂದು ಕೊಂಡಿ. ಕೊಂಡಿ ಹಿಡಿದು ಹಿಂದೆ ಹಿಂದೆ ಹೋಗಬಹುದು. ನಾವು ಬಳಸುವ ಆಪ್‌ನಲ್ಲೂ ಹೀಗೆಯೇ ಇದೆ, ಆದರೆ ಕೊಂಡಿ ಬೀಳುವುದು ಲೀಗ್ ನಡೆಸುವವರು ‘ಮುಂದುವರಿಸು’ ಒತ್ತಿದರೆ ಮಾತ್ರ. ಒಂದು ವರ್ಷ ನಮ್ಮ ನಿರ್ವಾಹಕ ಬದಲಾದಾಗ ‘ಹೊಸ ಲೀಗ್’ ಎಂದು ತೆರೆಯಲಾಯಿತು. ಸರಪಳಿ ಅಲ್ಲಿಗೆ ತುಂಡಾಯಿತು. ಎರಡು ತುಂಡುಗಳನ್ನು ಮತ್ತೆ ಜೋಡಿಸುವ ದಾರಿಯನ್ನು ಇವತ್ತಿಗೂ ಕೊಟ್ಟಿಲ್ಲ, ಕೇಳಿದಾಗಲೆಲ್ಲ ‘ಪರಿಶೀಲನೆಯಲ್ಲಿದೆ’ ಎಂಬ ಉತ್ತರ. ಸದಸ್ಯರು ಅವರೇ, ಹೆಸರು ಅದೇ, ಎಲ್ಲರ ಒಪ್ಪಿಗೆಯೂ ಇದೆ. ಜೋಡಿಸಲು ಅಡ್ಡಿಯೇನೆಂದು ನನಗೆ ನಿಜಕ್ಕೂ ತಿಳಿಯದು.

ಗುಂಪು ಬಿಟ್ಟು ಹೋದವರ ವಿಷಯದಲ್ಲಿ ಮಾತ್ರ ಇವರು ಬಹಳ ಯೋಚಿಸಿದ್ದಾರೆ. ಒಬ್ಬ ಗೆಳೆಯ ಖಾತೆಯನ್ನೇ ಅಳಿಸಿದ. ಅವನ ಹೆಸರು, ಚಿತ್ರ, ತಂಡದ ಹೆಸರು ಎಲ್ಲ ಹೋಯಿತು, ಹೋಗಲೇಬೇಕು, ಅದು ಅವನ ಹಕ್ಕು. ಆದರೆ ಹಳೆಯ ಪಟ್ಟಿಯಲ್ಲಿ ಅವನ ಸಾಲು ‘ಮಾಜಿ ಸದಸ್ಯ’ ಎಂದು ಅಂಕಸಹಿತ ಉಳಿಯಿತು. ಸಾಲನ್ನೇ ತೆಗೆದಿದ್ದರೆ ಅವನ ಕೆಳಗಿದ್ದವರೆಲ್ಲ ಒಂದೊಂದು ಸ್ಥಾನ ಮೇಲೇರಿ, ಎರಡನೆಯವರು ವರ್ಷಗಳ ನಂತರ ಚಾಂಪಿಯನ್ ಆಗಿಬಿಡುತ್ತಿದ್ದರು. ಒಬ್ಬರ ಗೋಪ್ಯತೆಯನ್ನೂ ಉಳಿದವರ ಇತಿಹಾಸವನ್ನೂ ಒಟ್ಟಿಗೆ ಕಾಪಾಡಿದ ಈ ಸಣ್ಣ ನಿರ್ಧಾರ ನನಗೆ ತುಂಬಾ ಇಷ್ಟವಾಯಿತು.

ಡೌನ್‌ಲೋಡ್ ಸೌಲಭ್ಯ ಅರೆಬರೆ. ನಮ್ಮ ತಂಡದ ದಾಖಲೆ ಸಿಎಸ್‌ವಿ (ಕೋಷ್ಟಕ ರೂಪದ) ಫೈಲ್ ಆಗಿ ಸಿಗುತ್ತದೆ, ಲೀಗ್‌ನದು ಸಿಗುವುದಿಲ್ಲ. ಆಟಗಾರರ ಗೇಮ್‌ವೀಕ್‌ವಾರು ಅಂಕಿಅಂಶ ಬೇಕೆಂದರೆ ಕೋಡ್ ಹಂಚಿಕೊಳ್ಳುವ ತಾಣ ಗಿಟ್‌ಹಬ್‌ನಲ್ಲಿ ಆಸಕ್ತರು ಕೂಡಿಟ್ಟ ಭಂಡಾರ 2016-17ರಿಂದ ಈಚೆಗೆ ಎಲ್ಲರಿಗೂ ತೆರೆದಿದೆ. ಆದರೆ ನಾನು ಯಾರನ್ನು ಆರಿಸಿದೆ, ನನ್ನ ಗೆಳೆಯರು ಯಾರನ್ನು ಆರಿಸಿದರು ಎಂಬುದು ಅಲ್ಲಿರುವುದಿಲ್ಲ. ಆ ಭಾಗ ಇರುವುದು ಆಪ್‌ನ ಸರ್ವರ್‌ನಲ್ಲಿ ಮಾತ್ರ. ಕಂಪನಿ ಬಾಗಿಲು ಹಾಕಿದ ದಿನ ಅದೂ ಹೋಗುತ್ತದೆ. ಲೀಗ್‌ನ ಎಲ್ಲ ಸೀಸನ್‌ಗಳನ್ನು ಒಂದೇ ಫೈಲ್‌ನಲ್ಲಿ ಕೊಡಿ ಎಂಬ ನನ್ನ ಬೇಡಿಕೆ ಹಾಗೇ ನಿಂತಿದೆ, ಅದು ಈಡೇರುವವರೆಗೆ ಪೂರ್ತಿ ಐದು ನಕ್ಷತ್ರ ಕೊಡಲಾರೆ.

ಉಳಿದ ಅಲಂಕಾರಗಳು, ಅಂದರೆ ಸೀಸನ್ ಕೊನೆಗೆ ಬರುವ ಬಣ್ಣದ ಕಾರ್ಡ್‌ಗಳು, ಪದಕಗಳು, ಹಂಚಿಕೊಳ್ಳುವ ಚಿತ್ರಗಳು, ಇದ್ದರೂ ಸರಿ, ಇಲ್ಲದಿದ್ದರೂ ಸರಿ. ಹುಡುಕುವ ಪೆಟ್ಟಿಗೆ ನಿಧಾನ. ಮೊಬೈಲ್‌ನಲ್ಲಿ ಹಳೆಯ ಸೀಸನ್ ತೆರೆದಾಗ ಇಂದಿನ ತಂಡದ ಪುಟದಂತೆಯೇ ಕಾಣುವುದರಿಂದ ಗಾಬರಿಯಾಗುತ್ತದೆ, ಹಿನ್ನೆಲೆ ಬಣ್ಣವನ್ನಾದರೂ ಬದಲಿಸಬೇಕು.

ಐದರಲ್ಲಿ ನಾಲ್ಕು. ಹೊಸದಾಗಿ ಸೇರುವವರಿಗೆ ಎರಡು ಸಲಹೆ: ಸೀಸನ್ ಮುಗಿದ ವಾರವೇ ಪ್ರತಿಯೊಬ್ಬ ಸದಸ್ಯರೂ ತಮ್ಮ ಸಿಎಸ್‌ವಿ ಇಳಿಸಿಕೊಂಡು ಒಬ್ಬರ ಬಳಿ ಸೇರಿಸಿಡಲಿ. ಜುಲೈನಲ್ಲಿ ಲೀಗ್ ತೆರೆಯುವವರು ಯಾರೇ ಆಗಲಿ, ‘ಹೊಸ ಲೀಗ್’ ಒತ್ತದೆ ಹಳೆಯ ಲೀಗ್‌ನ ಸೆಟ್ಟಿಂಗ್ಸ್‌ಗೆ ಹೋಗಿ ‘ಮುಂದುವರಿಸು’ ಒತ್ತಲಿ. ಆ ಬಟನ್ ಪುಟದ ತೀರಾ ಕೆಳಗಿದೆ.